ದೋಣಿ ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲವೇ? ಹಗ್ಗ ಎಳೆಯುವ ಮೊದಲು ಇವನ್ನು ನೋಡಿ

ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದ ಕಡೆ ನಾಡದೋಣಿಯ ಹಿಂಬದಿಗೆ ಕೂರಿಸುವ ಔಟ್‌ಬೋರ್ಡ್ ಎಂಜಿನ್ ನೋಡದವರಿಲ್ಲ. ಅದರಲ್ಲಿ ಎರಡು ಸ್ಟ್ರೋಕಿನವು, ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡುವಂಥವು ಬಹಳ ಇವೆ. ಈ ಲೇಖನ ಮುಖ್ಯವಾಗಿ ಅವುಗಳ ಬಗ್ಗೆ. ಬರೀ ಪೆಟ್ರೋಲಿನ ಎಂಜಿನ್ ಇದ್ದವರಿಗೂ ಇದರಲ್ಲಿ ಹೆಚ್ಚಿನದು ಹೊಂದುತ್ತದೆ. ಡೀಸೆಲ್ ಬೋಟಿನವರಿಗೆ ಕೊನೆಯ ಹೊತ್ತಿಗೆ ಸ್ವಲ್ಪ ಹೇಳಿದ್ದೇನೆ.

ಎಂಜಿನ್ ಹತ್ತಲಿಲ್ಲ ಅಂದಕೂಡಲೇ ಎಲ್ಲರೂ ಮಾಡುವುದು ಒಂದೇ: ಹಗ್ಗ ಎಳೆಯುವುದು. ಮತ್ತೆ ಎಳೆಯುವುದು. ತೋಳು ಸೋಲುವವರೆಗೆ ಎಳೆಯುವುದು. ಇದರಿಂದ ಕಿಡಿ ಕೊಡುವ ಪ್ಲಗ್ ನೆನೆಯುತ್ತದೆ, ಹಗ್ಗ ಸವೆಯುತ್ತದೆ, ಎಲೆಕ್ಟ್ರಿಕ್ ಸ್ಟಾರ್ಟ್ ಇದ್ದರೆ ಬ್ಯಾಟರಿ ಇಳಿಯುತ್ತದೆ. ಇದ್ದ ಒಂದು ತೊಂದರೆ ಎರಡಾಗುತ್ತದೆ. ಐದಾರು ಸಲ ಎಳೆದರೂ ಹತ್ತದಿದ್ದರೆ ಅಲ್ಲಿಗೆ ನಿಲ್ಲಿಸಿ. ಆಮೇಲೆ ಕೈಗಿಂತ ಕಣ್ಣಿಗೆ ಕೆಲಸ ಜಾಸ್ತಿ.

ನೀರಿನಲ್ಲಿದ್ದರೆ ಮೊದಲು ಲಂಗರು

ದಡದಲ್ಲಿದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಿ. ನೀರಿನಲ್ಲಿ ಎಂಜಿನ್ ನಿಂತಿದ್ದರೆ ಮುಚ್ಚಳ ಬಿಚ್ಚುವ ಮೊದಲು ಲಂಗರು ಹಾಕಿ. ನೀವು ಪ್ಲಗ್ ಬಿಚ್ಚಿ ಒರೆಸುವಷ್ಟರಲ್ಲಿ ಗಾಳಿ, ಸೆಳೆತ ಸೇರಿ ದೋಣಿಯನ್ನು ಕಲ್ಲಿನ ಕಡೆಗೋ ತೆರೆ ಒಡೆಯುವ ಜಾಗಕ್ಕೋ ಒಯ್ದಿರುತ್ತವೆ. ಅಳಿವೆಯ ಹತ್ತಿರ ಇದ್ದರಂತೂ ಒಂದು ನಿಮಿಷವೂ ತಡ ಮಾಡಬೇಡಿ.

ಲಂಗರನ್ನು ದೋಣಿಯ ಮುಂಭಾಗದಿಂದಲೇ ಹಾಕಬೇಕು. ಹಿಂಬದಿಗೆ ಕಟ್ಟಿದರೆ ತೆರೆ ನೇರವಾಗಿ ಎಂಜಿನ್ ಇರುವ ತಗ್ಗಿನ ಕಡೆಯಿಂದ ಒಳಗೆ ಬರುತ್ತದೆ. ನೀರಿನ ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಟ್ಟರೆ ಲಂಗರು ಚೆನ್ನಾಗಿ ಕಚ್ಚುತ್ತದೆ. ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಳ್ಳಲಿ. ಹುಟ್ಟು ಕೈಗೆ ಸಿಗುವ ಜಾಗದಲ್ಲಿರಲಿ.

ಲಂಗರು ನಿಲ್ಲುತ್ತಿಲ್ಲ, ಗಾಳಿ ಏರುತ್ತಿದೆ, ಕತ್ತಲಾಗುತ್ತಿದೆ ಅಂದರೆ ರಿಪೇರಿಯ ಹಟ ಬಿಟ್ಟು ಸುದ್ದಿ ಮುಟ್ಟಿಸಿ. ಹತ್ತಿರದ ದೋಣಿಗೆ ಕೂಗಿ, ಫೋನ್ ಮಾಡಿ. ವಿಎಚ್‌ಎಫ್ ರೇಡಿಯೊ ಇದ್ದರೆ ಚಾನೆಲ್ 16. ಕೋಸ್ಟ್ ಗಾರ್ಡ್‌ನ ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರದ್ದು 1093. ಸಹಾಯ ಕೇಳಿದ ಮೇಲೆ ಎಂಜಿನ್ ಹತ್ತಿಕೊಂಡರೆ ಸಂತೋಷ, ಮತ್ತೆ ಫೋನ್ ಮಾಡಿ ಹೇಳಿದರಾಯಿತು.

ಮುಚ್ಚಳ ಬಿಚ್ಚದೆ ನೋಡಬೇಕಾದ್ದು

ಇದಕ್ಕೆ ಸ್ಪ್ಯಾನರ್ ಬೇಡ. ಆದರೆ ಮೆಕ್ಯಾನಿಕ್ ಬಂದು ಎರಡೇ ನಿಮಿಷದಲ್ಲಿ ಎಂಜಿನ್ ಹತ್ತಿಸಿ ಹೋದ ಅಂತ ಹೇಳುತ್ತಾರಲ್ಲ, ಅವುಗಳಲ್ಲಿ ಎಷ್ಟೋ ಈ ಪಟ್ಟಿಯಲ್ಲೇ ಇರುತ್ತವೆ.

1. ಕಿಲ್ ಸ್ವಿಚ್, ಅಂದರೆ ಎಂಜಿನ್ ತಕ್ಷಣ ನಿಲ್ಲಿಸುವ ಸ್ವಿಚ್. ಕೆಂಪು ಸುರುಳಿ ದಾರದ ತುದಿಯ ಕ್ಲಿಪ್ ತನ್ನ ಜಾಗದಲ್ಲಿ ಸರಿಯಾಗಿ ಕೂತಿದೆಯೇ? ಬಲೆ ಎಳೆಯುವಾಗ ಯಾರದೋ ಕಾಲಿಗೆ ಸಿಕ್ಕಿ ಕಳಚಿರಬಹುದು. ಕ್ಲಿಪ್ ಇಲ್ಲದಿದ್ದರೆ ಎಷ್ಟು ಎಳೆದರೂ ಕಿಡಿ ಬರುವುದಿಲ್ಲ.

2. ಗೇರ್. ನ್ಯೂಟ್ರಲ್‌ನಲ್ಲೇ ಇರಬೇಕು. ಗೇರಿನಲ್ಲಿದ್ದರೆ ಹಲವು ಎಂಜಿನ್‌ಗಳಲ್ಲಿ ಹಗ್ಗವೇ ಬರುವುದಿಲ್ಲ. ಹಗ್ಗ ಬಿಗಿಯಾದರೆ ಎಂಜಿನ್ ಜಾಮ್ ಆಯಿತು ಅಂತ ಗಾಬರಿಯಾಗುವ ಮೊದಲು ಲಿವರನ್ನು ಹಿಂದೆ ಮುಂದೆ ಮಾಡಿ ನೋಡಿ.

3. ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ. ಸಾಗಿಸುವಾಗ ಚೆಲ್ಲದಿರಲಿ ಅಂತ ಬಿಗಿ ಮಾಡಿರುತ್ತೀರಿ, ಬಿಚ್ಚಲು ಮರೆತಿರುತ್ತೀರಿ. ಗಾಳಿ ಒಳಗೆ ಹೋಗದಿದ್ದರೆ ಎಣ್ಣೆ (ಪೆಟ್ರೋಲ್ ಅಥವಾ ಸೀಮೆಎಣ್ಣೆ) ಹೊರಗೆ ಬರುವುದಿಲ್ಲ. ಎಂಜಿನ್ ಸ್ವಲ್ಪ ಹೊತ್ತು ಓಡಿ ತಾನಾಗಿ ನಿಂತಿದ್ದರೆ ಮೊದಲ ಅನುಮಾನ ಇದರ ಮೇಲೇ.

4. ಪೆಟ್ರೋಲ್–ಸೀಮೆಎಣ್ಣೆ ಕಾಕ್, ಅಂದರೆ ಒಂದರಿಂದ ಇನ್ನೊಂದಕ್ಕೆ ಬದಲಿಸುವ ನಲ್ಲಿ. ತಣ್ಣಗಿನ ಎಂಜಿನ್ ಆದರೆ ಪೆಟ್ರೋಲ್ ಕಡೆಗೆ ತಿರುಗಿರಬೇಕು. ಪೆಟ್ರೋಲಿನ ಸಣ್ಣ ಟ್ಯಾಂಕ್ ಖಾಲಿಯಾಗಿಲ್ಲ ಎಂಬುದನ್ನೂ ನೋಡಿ.

5. ಥ್ರಾಟಲ್ ಮತ್ತು ಚೋಕ್. ಹಿಡಿಯ ಮೇಲೆ ಸ್ಟಾರ್ಟ್ ಗುರುತು ಇರುತ್ತದೆ, ಅಲ್ಲಿಗೆ ತನ್ನಿ. ತಣ್ಣಗಿದ್ದರೆ ಚೋಕ್ ಪೂರ್ತಿ ಎಳೆಯಿರಿ. ಆಗಷ್ಟೇ ಓಡಿ ಬಿಸಿಯಾಗಿದ್ದರೆ ಚೋಕ್ ಬೇಡ.

ಹಗ್ಗ ಎಳೆಯುವುದಕ್ಕೂ ಒಂದು ಕ್ರಮವಿದೆ. ಮೊದಲು ನಿಧಾನವಾಗಿ ಎಳೆಯಿರಿ. ಒಳಗೆ ಕಚ್ಚಿಕೊಂಡು ಬಿಗಿಯಾದದ್ದು ಕೈಗೆ ಗೊತ್ತಾದ ಮೇಲೆ ಜೋರಾಗಿ, ನೇರವಾಗಿ ಎಳೆಯಿರಿ. ಹಿಡಿಯನ್ನು ಬಿಟ್ಟುಬಿಡದೆ ಕೈಯಲ್ಲೇ ಹಿಂದಕ್ಕೆ ಕಳಿಸಿ. ಎಳೆಯುವ ಮುನ್ನ ಹಿಂದೆ ಯಾರೂ ನಿಂತಿಲ್ಲ ಎಂದು ನೋಡಿಕೊಳ್ಳಿ.

ರಬ್ಬರ್ ಬಲ್ಬ್ ಹಿಂಡಿ ನೋಡಿ

ಟ್ಯಾಂಕಿನಿಂದ ಎಂಜಿನ್‌ಗೆ ಹೋಗುವ ಪೈಪಿನ ನಡುವೆ ಒಂದು ರಬ್ಬರ್ ಬಲ್ಬ್ ಇದೆ. ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು. ಬಾಣದ ತುದಿ ಮೇಲಕ್ಕೆ ಬರುವಂತೆ ಹಿಡಿದು ಹಿಂಡಿ. ಕೆಲವು ಸಲ ಹಿಂಡಿದ ಮೇಲೆ ಅದು ಗಟ್ಟಿಯಾಗಬೇಕು. ಎಣ್ಣೆಯ ದಾರಿಯಲ್ಲಿ ಎಲ್ಲಿ ತೊಂದರೆ ಎಂಬುದು ಈ ಒಂದೇ ಕೆಲಸದಿಂದ ಬಹುಪಾಲು ಗೊತ್ತಾಗುತ್ತದೆ.

ಎಷ್ಟು ಹಿಂಡಿದರೂ ಗಟ್ಟಿಯಾಗುತ್ತಿಲ್ಲ ಅಂದರೆ ಎಲ್ಲೋ ಗಾಳಿ ಸೇರುತ್ತಿದೆ ಅಥವಾ ಟ್ಯಾಂಕಿನಲ್ಲಿ ಎಣ್ಣೆಯೇ ಇಲ್ಲ. ಎರಡೂ ತುದಿಯ ಕನೆಕ್ಟರ್ ಕಳಚಿ ಮತ್ತೆ ಒತ್ತಿ ಕೂರಿಸಿ. ಒಳಗಿನ ರಬ್ಬರ್ ಉಂಗುರ ಸವೆದಿದ್ದರೆ ಅಲ್ಲಿಂದಲೇ ಗಾಳಿ ಬರುತ್ತದೆ. ಬಿಸಿಲಿಗೆ ಬಿರುಕು ಬಿಟ್ಟ ಪೈಪ್ ಕೂಡ ಹೀಗೆಯೇ ಮಾಡುತ್ತದೆ. ಎಣ್ಣೆ ಹೊರಗೆ ತೊಟ್ಟಿಕ್ಕದಿದ್ದರೂ ಗಾಳಿ ಒಳಗೆ ಹೋಗಬಹುದು, ಹಾಗಾಗಿ ಪೈಪ್ ಒದ್ದೆಯಾಗಿಲ್ಲ ಎಂದು ಬಿಟ್ಟುಬಿಡಬೇಡಿ.

ಹಿಂಡಿದ ಬಲ್ಬ್ ಚಪ್ಪಟೆಯಾಗಿ ಹಾಗೆಯೇ ಉಳಿದರೆ ತಡೆ ಟ್ಯಾಂಕಿನ ಕಡೆಗಿದೆ. ಗಾಳಿ ಸ್ಕ್ರೂ ಮುಚ್ಚಿದೆ ಅಥವಾ ಟ್ಯಾಂಕಿನೊಳಗಿನ ಜಾಲರಿಗೆ ಕಸ ಕೂತಿದೆ.

ಬಲ್ಬ್ ಗಟ್ಟಿಯಾಗಿದೆ, ಎಷ್ಟು ಎಳೆದರೂ ಪ್ಲಗ್ ಮಾತ್ರ ಒಣಗಿಯೇ ಇದೆ ಅಂದರೆ ತಡೆ ಮುಂದೆ ಇದೆ. ಫಿಲ್ಟರ್, ಫ್ಯೂಯಲ್ ಪಂಪ್, ಕಾರ್ಬೊರೇಟರ್ (ಎಣ್ಣೆಯನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ನೋಡಬೇಕು. ಫಿಲ್ಟರ್ ಸುಲಭ, ಅದನ್ನೇ ಮೊದಲು ಬಿಚ್ಚಿ ತೊಳೆಯಿರಿ.

ಸೀಮೆಎಣ್ಣೆ ಎಂಜಿನ್: ನಿಲ್ಲಿಸುವಾಗ ಆದ ತಪ್ಪು

ನಮ್ಮ ನಾಡದೋಣಿ ಎಂಜಿನ್‌ಗಳಲ್ಲಿ ಬೆಳಗಿನ ಹೊತ್ತು ಬರುವ ತೊಂದರೆಯ ಬೇರು ಬಹಳ ಸಲ ಹಿಂದಿನ ದಿನದಲ್ಲಿರುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಿಡಿಗೆ ಹತ್ತಿಕೊಳ್ಳಬೇಕಾದರೆ ಎಣ್ಣೆ ಆವಿಯಾಗಬೇಕು. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆಗೆ ಹೆಚ್ಚುಕಮ್ಮಿ 35ರಿಂದ 40 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೂ ಬೇಕು. ಬೆಳಗಿನ ಜಾವ ತಣ್ಣಗಿರುವ ಎಂಜಿನ್‌ನಲ್ಲಿ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಅದಕ್ಕೇ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು.

ಈಗ ನಿಲ್ಲಿಸುವ ಹೊತ್ತಿಗೆ ಬನ್ನಿ. ದಡ ಮುಟ್ಟಿತು, ಮೀನು ಇಳಿಸುವ ಅವಸರ. ಸೀಮೆಎಣ್ಣೆಯಲ್ಲೇ ಓಡುತ್ತಿದ್ದ ಎಂಜಿನ್ ಬಟನ್ ಒತ್ತಿ ನಿಲ್ಲಿಸಿದಿರಿ. ಕಾರ್ಬೊರೇಟರಿನ ಬಟ್ಟಲು, ಪೈಪು, ಪಂಪು ಎಲ್ಲದರಲ್ಲೂ ಸೀಮೆಎಣ್ಣೆ ತುಂಬಿಕೊಂಡಿದೆ. ಮರುದಿನ ಕಾಕ್ ಪೆಟ್ರೋಲಿಗೆ ತಿರುಗಿಸುತ್ತೀರಿ ನಿಜ, ಆದರೆ ಮೊದಲು ಒಳಗೆ ಹೋಗುವುದು ಆ ಹಳೆ ಸೀಮೆಎಣ್ಣೆಯೇ. ಅದು ಹತ್ತುವುದಿಲ್ಲ, ಪ್ಲಗ್ಗನ್ನು ತೋಯಿಸುತ್ತದೆ. ತೋಯ್ದ ಪ್ಲಗ್ ಕಿಡಿ ಕೊಡುವುದಿಲ್ಲ. ಹಗ್ಗ ಎಳೆದಷ್ಟೂ ಇನ್ನಷ್ಟು ಸೀಮೆಎಣ್ಣೆ ಒಳಗೆ ಹೋಗುತ್ತದೆ.

ಹೀಗಾಗಿದ್ದರೆ ಮಾಡಬೇಕಾದದ್ದು: ಕಾಕ್ ಪೆಟ್ರೋಲಿಗೆ ತಿರುಗಿಸಿ. ಕಾರ್ಬೊರೇಟರಿನ ಬಟ್ಟಲಿನ ಅಡಿಯಲ್ಲಿ ಒಂದು ಡ್ರೈನ್ ಸ್ಕ್ರೂ ಇರುತ್ತದೆ. ಅದರ ಕೆಳಗೆ ಸಣ್ಣ ಬಾಟಲಿ ಹಿಡಿದು ಸ್ಕ್ರೂ ಸಡಿಲಿಸಿ, ಒಳಗಿದ್ದುದನ್ನು ಇಳಿಸಿ. ಸಮುದ್ರಕ್ಕೆ ಚೆಲ್ಲಬೇಡಿ. ಸ್ಕ್ರೂ ಬಿಗಿ ಮಾಡಿ, ಬಲ್ಬ್ ಹಿಂಡಿ ಹೊಸ ಪೆಟ್ರೋಲ್ ತುಂಬಿಸಿ. ಪ್ಲಗ್ ಬಿಚ್ಚಿ ಒರೆಸಿ ಒಣಗಿಸಿ ಹಾಕಿ. ಈಗ ಚೋಕ್ ಎಳೆದು ಸ್ಟಾರ್ಟ್ ಮಾಡಿ.

ಇನ್ನು ಮುಂದೆ ದಡಕ್ಕೆ ಬರುವ ಎರಡು ಮೂರು ನಿಮಿಷ ಮುಂಚೆಯೇ ಪೆಟ್ರೋಲಿಗೆ ತಿರುಗಿಸಿಕೊಳ್ಳಿ. ನಿಧಾನ ವೇಗದಲ್ಲಿ ಸೀಮೆಎಣ್ಣೆ ಖಾಲಿಯಾಗಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಕೊನೇ ಗಳಿಗೆಯಲ್ಲಿ ತಿರುಗಿಸಿ ಪ್ರಯೋಜನವಿಲ್ಲ. ಪೆಟ್ರೋಲಿನ ದುಡ್ಡು ಉಳಿಸಲು ಹೋಗಿ ಇದನ್ನು ಬಿಡುವವರಿದ್ದಾರೆ. ಪ್ಲಗ್ಗಿಗೂ ಹೋದ ಹೊತ್ತಿಗೂ ಅದಕ್ಕಿಂತ ಜಾಸ್ತಿ ಬೆಲೆ ಕೊಡಬೇಕಾಗುತ್ತದೆ.

ಪೆಟ್ರೋಲ್ ತುಂಬಿ ಮುಳುಗಿದ್ದರೆ

ಮುಚ್ಚಳ ತೆಗೆದಾಗ ಪೆಟ್ರೋಲ್ ವಾಸನೆ ಗಪ್ಪನೆ ಬಂತು, ಪ್ಲಗ್ ತೊಯ್ದು ತೊಪ್ಪೆಯಾಗಿದೆ. ಚೋಕ್ ಜಾಸ್ತಿ ಹೊತ್ತು ಎಳೆದಿಟ್ಟರೆ ಹೀಗಾಗುತ್ತದೆ. ಚೋಕ್ ಒಳಗೆ ತಳ್ಳಿ, ಎಣ್ಣೆಯ ಪೈಪ್ ಕಳಚಿ, ಕಿಲ್ ಕ್ಲಿಪ್ ತೆಗೆಯಿರಿ. ಪ್ಲಗ್‌ಗಳನ್ನು ಬಿಚ್ಚಿ ಅವುಗಳ ತುದಿ ಎಂಜಿನ್ ಲೋಹಕ್ಕೆ ತಾಗುವಂತೆ ಇಡಿ. ಥ್ರಾಟಲ್ ಪೂರ್ತಿ ತೆರೆದು ಏಳೆಂಟು ಸಲ ಹಗ್ಗ ಎಳೆದರೆ ಒಳಗಿನದು ಹೊರಗೆ ಬರುತ್ತದೆ. ಹತ್ತು ನಿಮಿಷ ಗಾಳಿಗೆ ಬಿಡಿ. ಆಮೇಲೆ ಒಣ ಪ್ಲಗ್ ಹಾಕಿ, ಚೋಕ್ ಇಲ್ಲದೆ ಪ್ರಯತ್ನಿಸಿ. ಈ ಹೊತ್ತಿನಲ್ಲಿ ದೋಣಿಯಲ್ಲಿ ಬೀಡಿ, ಒಲೆ ಯಾವುದೂ ಬೇಡ.

ಪ್ಲಗ್ ಮತ್ತು ಕಿಡಿ

ಬಿಚ್ಚಿದ ಪ್ಲಗ್ಗನ್ನು ಒರೆಸುವ ಮೊದಲು ಚೆನ್ನಾಗಿ ನೋಡಿ. ಕಂದು ಬಣ್ಣ, ಒಣಗಿದೆ: ಪ್ಲಗ್ ಸರಿಯಿದೆ, ಎಣ್ಣೆ ಬರುತ್ತಿಲ್ಲ. ಕಪ್ಪಗೆ ಜಿಡ್ಡಾಗಿದೆ: ಸೀಮೆಎಣ್ಣೆ ಅಥವಾ ಅದಕ್ಕೆ ಬೆರೆಸುವ ಎಂಜಿನ್ ಆಯಿಲ್ ಜಾಸ್ತಿಯಾಗಿದೆ. ನೀರಿನ ಹನಿ ಕಾಣುತ್ತಿದೆ: ಎಣ್ಣೆಯಲ್ಲಿ ನೀರು ಸೇರಿದೆ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಎರಡು ತುದಿಗಳ ನಡುವೆ ಮಸಿ ಸೇತುವೆಯಂತೆ ಕೂತಿದ್ದರೆ ಕಿಡಿ ಹಾರಲು ಜಾಗವೇ ಇಲ್ಲ. ಬಿಳಿ ಪಿಂಗಾಣಿ ಬಿರುಕು ಬಿಟ್ಟಿದ್ದರೆ ಆ ಪ್ಲಗ್ ಎಸೆಯಿರಿ.

ಪ್ಲಗ್ ನಂಬರನ್ನು ಎಂಜಿನ್ ಪುಸ್ತಕದಲ್ಲಿ ನೋಡಿಯೇ ತೆಗೆದುಕೊಳ್ಳಿ. ಗ್ಯಾಪ್, ಅಂದರೆ ಎರಡು ತುದಿಗಳ ನಡುವಿನ ಅಂತರ ಕೂಡ ಅದರಲ್ಲೇ ಇರುತ್ತದೆ. ಎನ್‌ಜಿಕೆ ಪ್ಲಗ್‌ಗಳಲ್ಲಿ ನಂಬರಿನ ಕೊನೆಗೆ 10 ಎಂದಿದ್ದರೆ ಗ್ಯಾಪ್ 1.0 ಮಿ.ಮೀ. ಎಂದರ್ಥ. ಅಂಗಡಿಯವರು ಇದೂ ಆಗುತ್ತೆ ಅಂತ ಕೊಟ್ಟದ್ದನ್ನು ಸುಮ್ನೆ ಹಾಕಬೇಡಿ. ಉದ್ದ ಹೆಚ್ಚಿದ್ದರೆ ಪಿಸ್ಟನ್‌ಗೆ ತಾಗುವ ಅಪಾಯವಿದೆ.

ಕಿಡಿ ನೋಡುವುದು ಹೀಗೆ. ಪ್ಲಗ್ ಹಾಕುವ ತೂತಿನಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ, ಆದ್ದರಿಂದ ಮೊದಲು ಅದನ್ನು ಬಟ್ಟೆಯಿಂದ ಮುಚ್ಚಿ. ಚೆಲ್ಲಿದ ಎಣ್ಣೆ ಒರೆಸಿ. ಕಿಲ್ ಕ್ಲಿಪ್ ಜಾಗದಲ್ಲಿರಲಿ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ತೂತಿನಿಂದ ದೂರದಲ್ಲಿ, ಅದರ ಲೋಹದ ಭಾಗ ಎಂಜಿನ್ ಬಾಡಿಗೆ ಗಟ್ಟಿಯಾಗಿ ತಾಗುವಂತೆ ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರಿನಲ್ಲಿ ಹಿಡಿಯಿರಿ. ಬರಿಗೈಯಲ್ಲಿ ಬೇಡ. ಇನ್ನೊಬ್ಬರು ಹಗ್ಗ ಎಳೆಯಲಿ. ನೀಲಿ ಬಣ್ಣದ, ಟಪ್ ಟಪ್ ಎನ್ನುವ ಕಿಡಿ ಬಂದರೆ ಒಳ್ಳೆಯದು. ಕೆಂಪಗೆ, ಮಂಕಾಗಿ ಬಂದರೆ ಸಾಲದು. ಪ್ಲಗ್ ಕ್ಯಾಪನ್ನು ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ನೇತಾಡಲು ಬಿಟ್ಟು ಹಗ್ಗ ಎಳೆಯಬೇಡಿ, ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಮತ್ತು ಸಿಡಿಐ ಸುಟ್ಟುಹೋಗಬಹುದು.

ಕಿಡಿ ಬರದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಆಗಲೂ ಬರದಿದ್ದರೆ ಕಿಲ್ ಸ್ವಿಚ್ಚಿನ ವೈರನ್ನು ಕಳಚಿ ನೋಡಿ. ಆ ಸ್ವಿಚ್ ಕೆಲಸ ಮಾಡುವುದೇ ಕಿಡಿಯ ವಿದ್ಯುತ್ತನ್ನು ಅರ್ತ್ ಮಾಡಿ. ಉಪ್ಪುನೀರು ಸೇರಿ ಒಳಗೆ ತುಕ್ಕು ಹಿಡಿದರೆ ಕ್ಲಿಪ್ ಇದ್ದರೂ ಅದು ಅರ್ತ್ ಆಗಿಯೇ ಉಳಿಯುತ್ತದೆ. ವೈರ್ ಕಳಚಿದ ಮೇಲೆ ಕಿಡಿ ಬಂತೆಂದರೆ ಸ್ವಿಚ್ಚೇ ಕಳ್ಳ. ದಡಕ್ಕೆ ಬರುವಷ್ಟು ಮಾತ್ರ ಹಾಗೆ ಓಡಿಸಬಹುದು. ಆಗ ಎಂಜಿನ್ ನಿಲ್ಲಿಸಲು ಬಟನ್ ಕೆಲಸ ಮಾಡುವುದಿಲ್ಲ. ಚೋಕ್ ಪೂರ್ತಿ ಎಳೆದರೆ ಉಸಿರುಕಟ್ಟಿ ನಿಲ್ಲುತ್ತದೆ. ಎಲ್ಲರಿಗೂ ಇದನ್ನು ಮೊದಲೇ ಹೇಳಿಡಿ. ಅದಕ್ಕೂ ಕಿಡಿ ಬರದಿದ್ದರೆ ಕಾಯಿಲ್, ಸಿಡಿಐ ಮೆಕ್ಯಾನಿಕ್ ಕೆಲಸ.

ಪ್ಲಗ್ ವಾಪಸ್ ಹಾಕುವಾಗ ಕೈಯಲ್ಲೇ ಕೊನೆವರೆಗೆ ತಿರುಗಿಸಿ. ಹೊಸದಾದರೆ ಪಾನಾದಿಂದ ಕಾಲು ಸುತ್ತಿನಿಂದ ಅರ್ಧ ಸುತ್ತು, ಹಳೆಯದಾದರೆ ಅದಕ್ಕಿಂತ ಕಮ್ಮಿ ಸಾಕು. ಹೆಡ್ ಅಲ್ಯೂಮಿನಿಯಂನದು, ಬಲ ತೋರಿಸಿದರೆ ಥ್ರೆಡ್ ಹೋಗುತ್ತದೆ.

ಎಣ್ಣೆಯಲ್ಲಿ ನೀರು

ಕಾರ್ಬೊರೇಟರಿನಿಂದ ಇಳಿಸಿದ್ದನ್ನು ಪಾರದರ್ಶಕ ಬಾಟಲಿಯಲ್ಲಿ ಐದು ನಿಮಿಷ ಅಲ್ಲಾಡಿಸದೆ ಇಡಿ. ಅಡಿಯಲ್ಲಿ ಬೇರೆ ಪದರ ಅಥವಾ ಉರುಳಾಡುವ ಹನಿ ಕಂಡರೆ ನೀರಿದೆ. ಟ್ಯಾಂಕಿನ ಅಡಿಯಲ್ಲಿ ಇನ್ನಷ್ಟಿರುತ್ತದೆ. ಬರೀ ಕಾರ್ಬೊರೇಟರ್ ಖಾಲಿ ಮಾಡಿದರೆ ಹತ್ತಿ, ಮತ್ತೆ ನಿಲ್ಲುತ್ತದೆ.

ಇತ್ತೀಚೆಗೆ ಇದರ ಬಗ್ಗೆ ಹೆಚ್ಚು ಎಚ್ಚರ ಬೇಕಾಗಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ20 ಪೆಟ್ರೋಲ್ ಈಗ ಬಂಕುಗಳಲ್ಲಿ ಸಾಮಾನ್ಯ. ಅದರಲ್ಲಿ ಶೇ 20ರಷ್ಟು ಎಥನಾಲ್ ಇದೆ. ಎಥನಾಲ್ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಮಿತಿ ಮೀರಿದಾಗ ನೀರು, ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತವೆ. ಟ್ಯಾಂಕಿನ ಪೈಪ್ ಎಳೆಯುವುದೂ ತಳದಿಂದಲೇ ಅಲ್ವಾ? ಹಳೆಯ ಎಂಜಿನ್‌ಗಳ ರಬ್ಬರ್ ಪೈಪ್, ಪಂಪಿನ ಡಯಾಫ್ರಂ ಕೂಡ ಎಥನಾಲ್‌ಗೆ ಬೇಗ ಹಾಳಾಗಬಹುದು. ಬೇಕಾದಷ್ಟೇ ಪೆಟ್ರೋಲ್ ತನ್ನಿ, ಬೇಗ ಮುಗಿಸಿ, ಕ್ಯಾನಿನ ಬಾಯಿ ಬಿಗಿಯಾಗಿರಲಿ.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೂ 10 ಅಶ್ವಶಕ್ತಿಗಿಂತ ದೊಡ್ಡ ಎಂಜಿನ್ ಇರುವ ದೋಣಿಗಳಿಗೂ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಕಾರ್ಬೊರೇಟರಿನಲ್ಲಿ ಎಣ್ಣೆ ಹಾಗೇ ಬಿಟ್ಟರೆ ಅದು ಆವಿಯಾಗಿ ಅಂಟಿನಂತೆ ಉಳಿದು ಜೆಟ್ (ಒಳಗೆ ಎಣ್ಣೆ ಹಾಯುವ ಸಣ್ಣ ನಳಿಕೆ) ತೂತು ಮುಚ್ಚುತ್ತದೆ. ಆಗಸ್ಟಿನಲ್ಲಿ ಹತ್ತದ ಎಂಜಿನ್‌ಗೆ ಹೆಚ್ಚಾಗಿ ಕಾರ್ಬೊರೇಟರ್ ಬಿಚ್ಚಿ ತೊಳೆಯುವುದೇ ಮದ್ದು. ಜೆಟ್ಟಿನ ತೂತಿಗೆ ತಂತಿ ಹಾಕಿ ಕೆರೆಯಬೇಡಿ. ಕಾರ್ಬೊರೇಟರ್ ಕ್ಲೀನರ್ ಮತ್ತು ಗಾಳಿ ಸಾಕು.

ಇನ್ನೂ ಗೊತ್ತಾಗದಿದ್ದರೆ ಒಂದು ಪರೀಕ್ಷೆ

ತೊಂದರೆ ಎಣ್ಣೆಯದೋ ಕಿಡಿಯದೋ ಗೊತ್ತಾಗುತ್ತಿಲ್ಲವೇ? ಪ್ಲಗ್ ತೂತಿನಿಂದ ಅರ್ಧ ಟೀ ಚಮಚದಷ್ಟು ಆಯಿಲ್ ಬೆರೆಸಿದ ಪೆಟ್ರೋಲ್ ಬಿಡಿ, ಅದಕ್ಕಿಂತ ಹೆಚ್ಚು ಬೇಡ. ಪ್ಲಗ್ ಬಿಗಿ ಮಾಡಿ, ಚೆಲ್ಲಿದ್ದನ್ನು ಒರೆಸಿ, ಎಳೆಯಿರಿ. ಎಂಜಿನ್ ಒಂದೆರಡು ಸೆಕೆಂಡ್ ಹತ್ತಿ ಆರಿದರೆ ಕಿಡಿ, ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಎರಡೂ ಇವೆ, ಎಣ್ಣೆಯ ದಾರಿಯನ್ನೇ ನೋಡಿ. ಸದ್ದೇ ಇಲ್ಲದಿದ್ದರೆ ಮತ್ತೆ ಕಿಡಿಯ ಕಡೆ ಹೋಗಿ. ಸ್ಟಾರ್ಟಿಂಗ್ ಸ್ಪ್ರೇ ಮಾತ್ರ ಎರಡು ಸ್ಟ್ರೋಕಿನ ಎಂಜಿನ್‌ಗೆ ಹೊಡೆಯಬೇಡಿ. ಅದರಲ್ಲಿ ಆಯಿಲ್ ಇಲ್ಲ, ಪಿಸ್ಟನ್ ಒಣಗಿಯೇ ಉಜ್ಜುತ್ತದೆ.

ಹಗ್ಗ ತೀರಾ ಹಗುರವಾಗಿ ಬರುತ್ತಿದ್ದರೆ ಪ್ಲಗ್ ತೂತಿಗೆ ಬೆರಳು ಒತ್ತಿ ಹಿಡಿದು ಎಳೆಸಿ. ಒಳಗಿನ ಗಾಳಿ ಬೆರಳನ್ನು ಜೋರಾಗಿ ಹೊರಗೆ ತಳ್ಳಬೇಕು. ತಳ್ಳದಿದ್ದರೆ ರಿಂಗ್ ಅಥವಾ ಗ್ಯಾಸ್ಕೆಟ್ ಹೋಗಿದೆ. ಹಗ್ಗ ಅರ್ಧ ಬಂದು ಗಕ್ಕನೆ ನಿಂತರೆ ಸಿಲಿಂಡರಿನಲ್ಲಿ ನೀರಿರಬಹುದು. ಜಗ್ಗಬೇಡಿ. ಪ್ಲಗ್ ಬಿಚ್ಚಿ ನಿಧಾನ ತಿರುಗಿಸಿ ನೀರು ಹೊರಹಾಕಿ.

ಇತರ ಸಂದರ್ಭಗಳು

ಬಿಸಿ ಎಂಜಿನ್ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಹತ್ತುತ್ತಿಲ್ಲವೇ? ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿರುತ್ತದೆ. ಮುಚ್ಚಳ ತೆಗೆದು ತಣಿಯಲು ಬಿಡಿ. ಬಲ್ಬ್ ಹಿಂಡಿ, ಥ್ರಾಟಲ್ ಸ್ವಲ್ಪ ಕೊಟ್ಟು, ಚೋಕ್ ಇಲ್ಲದೆ ಎಳೆಯಿರಿ.

ಎಲೆಕ್ಟ್ರಿಕ್ ಸ್ಟಾರ್ಟ್‌ನಲ್ಲಿ ಟಿಕ್ ಎಂದು ಸದ್ದಾಗಿ ತಿರುಗದಿದ್ದರೆ ಬ್ಯಾಟರಿ ಟರ್ಮಿನಲ್ ಬಿಚ್ಚಿ ಉಜ್ಜಿ ಬಿಗಿ ಮಾಡಿ. ಪೂರ್ತಿ ಚಾರ್ಜ್ ಇದ್ದರೆ 12.6 ವೋಲ್ಟ್ ತೋರಿಸಬೇಕು. ಸದ್ದೇ ಇಲ್ಲದಿದ್ದರೆ ಫ್ಯೂಸ್ ಮತ್ತು ನ್ಯೂಟ್ರಲ್ ನೋಡಿ.

ಹಗ್ಗ ತುಂಡಾದರೆ ಸ್ಟಾರ್ಟರ್ ಮುಚ್ಚಳ ಬಿಚ್ಚಿ, ಫ್ಲೈವೀಲಿನ (ಎಂಜಿನ್ ಮೇಲೆ ತಿರುಗುವ ಚಕ್ರದ) ಕಚ್ಚಿಗೆ ಗಂಟು ಸಿಕ್ಕಿಸಿ ಬೇರೆ ಹಗ್ಗ ಸುತ್ತಿ ಎಳೆಯಬಹುದು. ಹೀಗೆ ಮಾಡುವಾಗ ಗೇರಿನಲ್ಲಿದ್ದರೂ ಎಂಜಿನ್ ಹತ್ತಿಬಿಡುತ್ತದೆ, ನ್ಯೂಟ್ರಲ್ ಎರಡು ಸಲ ನೋಡಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ತಿರುಗುವ ಫ್ಲೈವೀಲಿನ ಹತ್ತಿರ ಬಟ್ಟೆ, ಕೂದಲು ಬರಬಾರದು.

ದೋಣಿ ಮಗುಚಿ ಎಂಜಿನ್ ಉಪ್ಪುನೀರಿಗೆ ಬಿದ್ದಿದ್ದರೆ ಹೊತ್ತು ಕಳೆಯಬೇಡಿ. ಮೇಲೆತ್ತಿದ ಮೇಲೆ ಗಾಳಿ ತಾಗಿದಷ್ಟೂ ತುಕ್ಕು ಬೇಗ ಹಿಡಿಯುತ್ತದೆ. ಸಿಹಿನೀರಿನಲ್ಲಿ ಪೂರ್ತಿ ತೊಳೆಯಿರಿ. ಪ್ಲಗ್ ಬಿಚ್ಚಿ, ತೂತು ಕೆಳಗೆ ಬರುವಂತೆ ಮಲಗಿಸಿ, ಫ್ಲೈವೀಲ್ ಕೈಯಲ್ಲಿ ತಿರುಗಿಸಿ ನೀರು ತೆಗೆಯಿರಿ. ಒಳಗೆ ಮರಳು ಹೋದಂತೆ ಕರಕರ ಎಂದರೆ ತಿರುಗಿಸುವುದನ್ನು ಬಿಟ್ಟು ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಸಲೀಸಾಗಿ ತಿರುಗಿದರೆ ಕಾರ್ಬೊರೇಟರ್ ಖಾಲಿ ಮಾಡಿ, ಸಿಲಿಂಡರಿಗೆ ಆಯಿಲ್ ಬಿಟ್ಟು, ಹೊಸ ಎಣ್ಣೆಯಲ್ಲಿ ಅದೇ ದಿನ ಓಡಿಸಿ.

ಡೀಸೆಲ್ ಎಂಜಿನ್‌ನಲ್ಲಿ ಪ್ಲಗ್ ಇಲ್ಲ, ಅಲ್ಲಿ ಮೊದಲ ಶತ್ರು ಗಾಳಿ. ಸ್ಟಾಪ್ ಲಿವರ್ ಒಳಗಿದೆಯೇ ನೋಡಿ. ಡೀಸೆಲ್ ಖಾಲಿಯಾಗಿ ನಿಂತಿದ್ದರೆ ಅಥವಾ ಫಿಲ್ಟರ್ ಬದಲಿಸಿದ್ದರೆ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ, ಡೀಸೆಲ್ ಹರಿಯುತ್ತಿರುವಾಗಲೇ ಬಿಗಿ ಮಾಡಿ.

ಹತ್ತಿದ ಮೇಲೆ

ಎಂಜಿನ್ ಹತ್ತಿತು ಎಂದು ಕೂಡಲೇ ಹೊರಡಬೇಡಿ. ಹಿಂಬದಿಯ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿದೆಯೇ ನೋಡಿ. ಬರದಿದ್ದರೆ ನಿಲ್ಲಿಸಿ. ತಂಪಾಗಿಸುವ ನೀರು ಹೋಗದೆ ಓಡಿಸಿದರೆ ಎಂಜಿನ್ ಸೀಜ್ ಆಗುತ್ತದೆ. ಇದೇ ಕಾರಣಕ್ಕೆ ದಡದಲ್ಲಿ ಪರೀಕ್ಷೆ ಮಾಡುವಾಗಲೂ ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿಯೇ ಓಡಿಸಬೇಕು. ನೀರಿಲ್ಲದೆ ಓಡಿದರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಬಹಳ ಬೇಗ ಸುಟ್ಟುಹೋಗುತ್ತದೆ.

ಆಯಿಲ್ ಅಳತೆಯನ್ನು ಅಂದಾಜಿಗೆ ಬಿಡಬೇಡಿ. 50ಕ್ಕೆ 1 ಎಂದು ಪುಸ್ತಕದಲ್ಲಿದ್ದರೆ ಲೀಟರಿಗೆ 20 ಮಿ.ಲೀ. ಸೀಮೆಎಣ್ಣೆಗೆ ಅಳತೆ ಬೇರೆ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಆಯಿಲ್ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯು3 ಎಂದಿರಲಿ, ಅದು ದೋಣಿಯ ಎರಡು ಸ್ಟ್ರೋಕ್ ಎಂಜಿನ್ ಆಯಿಲಿನ ಗುರುತು. ಬೈಕಿನ ಆಯಿಲ್ ಇದಕ್ಕಲ್ಲ.

ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ದೋಣಿಯಲ್ಲೇ ಇಡಿ. ಅದರಲ್ಲಿ ಇರಬೇಕಾದವು: ಸರಿಯಾದ ನಂಬರಿನ ಹೊಸ ಪ್ಲಗ್ ಒಂದು ಜೊತೆ, ಪ್ಲಗ್ ಪಾನಾ, ಕಟಿಂಗ್ ಪ್ಲೇಯರ್, ಎರಡು ಬಗೆಯ ಸ್ಕ್ರೂಡ್ರೈವರ್, ಸ್ಟಾರ್ಟರ್ ಬಿಚ್ಚಲು ಬೇಕಾದ ಸ್ಪ್ಯಾನರ್, ಹೆಚ್ಚುವರಿ ಕಿಲ್ ಕ್ಲಿಪ್, ಗಟ್ಟಿ ಹಗ್ಗ, ಕನೆಕ್ಟರಿನ ರಬ್ಬರ್ ಉಂಗುರ, ಒಣಬಟ್ಟೆ, ಟಾರ್ಚ್. ಪ್ರೊಪೆಲ್ಲರಿಗೆ ಶಿಯರ್ ಪಿನ್ (ಪ್ರೊಪೆಲ್ಲರ್ ಏನಕ್ಕಾದರೂ ಬಡಿದಾಗ ಮುರಿಯುವ ಪಿನ್) ಇರುವ ಎಂಜಿನ್ ಆದರೆ ಎರಡು ಪಿನ್ ಕೂಡ ಹಾಕಿಡಿ. ಡಬ್ಬಿಯಿಂದ ಏನಾದರೂ ಬಳಸಿದ ದಿನವೇ ಅದರ ಜಾಗಕ್ಕೆ ಹೊಸದನ್ನು ತಂದಿಡಿ.